ಒಂಬತ್ತನೇ ಪುಟ

ಜೂನ್ 11, ಬೆಳಿಗ್ಗೆ 10.20. ಬೈರಕೂರಿನ ದೊಡ್ಡನಾರಾಯಣಪ್ಪ ಮಗಳು ಸಹನಳನ್ನು ಮುಳಬಾಗಿಲು ಠಾಣೆಗೆ ಕರೆತಂದು, ಇನ್ಸ್‌ಪೆಕ್ಟರ್ ರಮಾದೇವಿಯ ಮೇಜಿನ ಮೇಲೆ ಕೊರಿಯರ್ ಕವರೊಂದನ್ನು ಇಟ್ಟ. ಒಳಗಿದ್ದದ್ದು ಮಗಳ ದಿನಚರಿಯ ಪ್ರಿಂಟು. ಯಾರೋ ಪುಣ್ಯಾತ್ಮ ಅಪ್ಪನ ವಿಳಾಸಕ್ಕೇ ಕಳಿಸಿದ್ದ.

"ಒಬ್ಬ ಹುಡುಗನ ಹೆಸರು ನಾಲ್ಕು ಕಡೆ ಐತೆ ಮೇಡಂ. ಇವಳ ಕಾಲೇಜು ಸಾಕು. ಕಳಿಸಿದೋನು ಯಾರು ಅಂತ ಮಾತ್ರ ಹೇಳಿ."

"ಪರೀಕ್ಷೆ ಯಾವಾಗಮ್ಮ?"

"ಸೋಮವಾರ," ಎಂದಳು ಸಹನ. ಬಿಸಿಎ ಕೊನೆಯ ಸೆಮಿಸ್ಟರು.

"ದಿನಚರಿ ಎಲ್ಲಿ ಬರೀತಿದ್ದೆ?"

"ಕಾಲೇಜ್ ಲ್ಯಾಬಲ್ಲಿ, ಲಿನಕ್ಸ್ ಸರ್ವರ್‌ನಲ್ಲಿ ನನಗೆ ಅಂತ ಕೊಟ್ಟಿರೋ ಹೋಮ್ ಫೋಲ್ಡರಲ್ಲಿ. ಮನೇಲಿ ಎಲ್ಲರಿಗೂ ಒಂದೇ ಫೋನು. ನಂದು ಅಂತ ಬೀಗ ಇದ್ದಿದ್ದು ಅದೊಂದಕ್ಕೇ."

ರಮಾದೇವಿ ಹಾಳೆಗಳನ್ನು ಎಣಿಸಿದಳು. ಪುಟಸಂಖ್ಯೆ ಹದಿನಾಲ್ಕರವರೆಗೆ ಇತ್ತು, ಒಂಬತ್ತು ಇರಲಿಲ್ಲ. ಅದರಲ್ಲೇನಿತ್ತೆಂದು ಕೇಳಿದರೆ ಹುಡುಗಿ ಅಪ್ಪನ ಮುಖ ನೋಡಿ, ನೆನಪಿಲ್ಲ ಎಂದಳು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 2.15ಕ್ಕೆ ರಮಾದೇವಿ ಕಾಲೇಜಿಗೆ ಹೋದಳು. ಜೊತೆಗೆ ಸಹನ, ಎಂಜಿನಿಯರಿಂಗ್ ಓದಿ ಪೊಲೀಸ್ ಸೇರಿದ್ದ ಕಾನ್‌ಸ್ಟೆಬಲ್ ಚೈತನ್ಯ, ಸಾಕ್ಷಿಗೆ ಇಬ್ಬರು ಪಂಚರು. ಲ್ಯಾಬ್ ನೋಡಿಕೊಳ್ಳುವ ಚಂದ್ರಮೋಹನ್ ಬೆಳ್ಳಿ ಕೂದಲಿನ, ಹಣೆಗೆ ಕುಂಕುಮವಿಟ್ಟ ಮನುಷ್ಯ. ಕೇಳುವ ಮೊದಲೇ ಉತ್ತರ ಸಿದ್ಧವಿತ್ತು.

"ಅವಳ ಫೋಲ್ಡರ್ ತೆರೆದೇ ಇದೆ ಮೇಡಂ. ಯಾರು ಬೇಕಾದ್ರೂ ಓದಿರ್ಬಹುದು."

ಪರದೆಯ ಮೇಲೆ ಸಹನಳ ಫೋಲ್ಡರಿಗೆ 755 ಎಂದಿತ್ತು. ಎಲ್ಲರೂ ನೋಡಬಹುದು ಎಂದರ್ಥ. ಲ್ಯಾಬ್ ರೆಕಾರ್ಡ್ ತಿದ್ದುವ ವಾರ ಮಕ್ಕಳೆಲ್ಲ ಫೋಲ್ಡರ್ ತೆರೆದಿಡುವುದು ಅಲ್ಲಿನ ಪದ್ಧತಿ. ಆಮೇಲೆ ಯಾರೂ ಮುಚ್ಚುವ ಗೋಜಿಗೆ ಹೋಗುವುದಿಲ್ಲ.

"ರೆಕಾರ್ಡ್ ತಿದ್ದಿ ಮುಗಿದ ದಿನಾನೇ ನಾನು ಮುಚ್ಚಿದ್ದೆ," ಎಂದಳು ಸಹನ. "700 ಹಾಕಿದ್ದೆ. ನನ್ನ ಬಿಟ್ಟು ಯಾರಿಗೂ ಕಾಣ್ಬಾರ್ದು ಅಂತ."

ಚೈತನ್ಯ ಸರ್ವರ್‌ನ ದಾಖಲೆ ತೆಗೆದು ಓದಿದ. "ಜೂನ್ 6, ಸಂಜೆ 4.52ಕ್ಕೆ ಈ ಫೈಲು ಪ್ರಿಂಟಾಗಿದೆ ಮೇಡಂ. ಫೋಲ್ಡರನ್ನ 700ರಿಂದ 755ಕ್ಕೆ ಬದಲಾಯಿಸಿರೋದು 5.10ಕ್ಕೆ. ಎರಡೂ ಅಡ್ಮಿನ್ ಖಾತೆಯಿಂದ."

"ಮೊದಲು ಓದಿ, ಆಮೇಲೆ ಬಾಗಿಲು ತೆಗೆದಿಟ್ಟಿದ್ದೀರಿ," ಎಂದು ರಮಾದೇವಿ ಚಂದ್ರಮೋಹನ್ ಕಡೆ ತಿರುಗಿದಳು. "ಮುಚ್ಚಿದ ಫೋಲ್ಡರ್ ಓದೋಕೆ ಯಾರಿಗಾಗುತ್ತೆ?"

"ಅಡ್ಮಿನ್‌ಗೆ."

"ಪಾಸ್‌ವರ್ಡ್ ಯಾರ ಹತ್ರ ಇದೆ?"

ಅವನು ಕುಂಕುಮ ಒರೆಸಿಕೊಂಡ.

ಅವನ ಮೇಜಿನ ಡ್ರಾಯರಿನಲ್ಲಿ, ಊಟದ ಡಬ್ಬಿಯ ಕೆಳಗೆ, ಮಡಚಿಟ್ಟ ಒಂಬತ್ತನೇ ಪುಟ ಸಿಕ್ಕಿತು. ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ: 'ಚಂದ್ರಮೋಹನ್ ಸರ್ ಹಿಂದೆ ನಿಂತು ಮೌಸ್ ಮೇಲಿರುವ ನನ್ನ ಕೈ ಮೇಲೆ ಕೈ ಇಟ್ಟರೆ ವಾಂತಿ ಬರುತ್ತೆ.' ರೆಕಾರ್ಡ್ ತಿದ್ದುವ ಪೆನ್ನದು. ರಮಾದೇವಿಗೆ ಮೈಯೆಲ್ಲ ಹೇಸಿಗೆಯಾಯಿತು. ಥೂ, ಇಂಥವನಿಗೆ ದಿನಾ ಎಷ್ಟು ಮಕ್ಕಳು ಗುಡ್ ಮಾರ್ನಿಂಗ್ ಸರ್ ಅಂದಿರಬೇಕು. ಪಂಚರು ಆ ಸಾಲು ಓದಿ ರುಜು ಹಾಕಿದರು. ಪಂಚನಾಮೆ ಮುಗಿದಾಗ 4.40. ಅಲ್ಲೇ ಬಂಧನ.

"ಇಪ್ಪತ್ತೆರಡು ವರ್ಷದ ಸರ್ವಿಸು ಮೇಡಂ," ಎಂದ ಜೀಪಿನಲ್ಲಿ. "ನನ್ನ ಬಗ್ಗೆ ಹಂಗೆ ಬರೀಬಾರ್ದಿತ್ತು ಅವಳು." ತಾನು ಓದಬಾರದಿತ್ತು ಎಂಬುದು ಅವನಿಗೆ ಕೊನೆಗೂ ಹೊಳೆಯಲಿಲ್ಲ.

ಠಾಣೆಯಲ್ಲಿ ದೊಡ್ಡನಾರಾಯಣಪ್ಪ ಬೆಂಚಿನ ಮೇಲೆ ಕಾದಿದ್ದ. ಒಂಬತ್ತನೇ ಪುಟವನ್ನು ಕವರಿಗೆ ಹಾಕಿ ಮೊಹರು ಮಾಡಲು ಹೊರಟ ರಮಾದೇವಿಯನ್ನು ಸಹನ ತಡೆದಳು.

"ಅದನ್ನೂ ಅಪ್ಪಂಗೆ ತೋರಿಸಿ ಮೇಡಂ. ಮಿಕ್ಕಿದ್ದೆಲ್ಲ ಓದವ್ರೆ."

ಅವನು ಹಾಳೆಯನ್ನು ದೂರ ಹಿಡಿದು, ತುಟಿ ಅಲುಗಿಸುತ್ತಾ ಓದಿದ. ವಾಪಸ್ ಕೊಡುವಾಗ ಮಗಳ ಕಡೆ ನೋಡಲಾಗಲಿಲ್ಲ.

"ಸೋಮವಾರ ಎಷ್ಟು ಗಂಟೆಗಮ್ಮ ಪರೀಕ್ಷೆ?" ಎಂದು ಕೇಳಿದ.