ಒಡೆದ ಪಿಂಗಾಣಿಯ ಒಳಮೈ

ಬೆಳಿಗ್ಗೆ ಏಳು ಗಂಟೆ. ಹುನಗುಂದದ ಹೊರವಲಯದ ಸಜ್ಜೆ ಹೊಲದಲ್ಲಿ ಸಾವಂತ್ರವ್ವ ಹೆಣವಾಗಿ ಬಿದ್ದಿದ್ದಳು. ಮೈಮೇಲೆ ವಿದ್ಯುತ್ ತಂತಿ. ಕಂಬದ ಬುಡದಲ್ಲಿ ತಂತಿ ಹೊರುವ ಪಿಂಗಾಣಿ ಇನ್ಸುಲೇಟರ್, ಎರಡು ಹೋಳಾಗಿ. ಪಕ್ಕದಲ್ಲೊಂದು ಚಪ್ಪಟೆ ಕೆಂಪು ಕಲ್ಲು.

ಲೈನ್ ಎಳೆಸಿದ್ದ ಗುತ್ತಿಗೆದಾರ ದೀಪಕ ಪೊಲೀಸರಿಗಿಂತ ಮೊದಲೇ ಬಂದಿದ್ದ.

"ಕಲ್ಲು ನೋಡ್ರಿ ಮೇಡಂ. ಕುರಿ ಕಾಯೋ ಬೀರೇಶಂದೇ ಕೆಲಸ. ದಿನಾ ಇಲ್ಲೇ ಕವಣಿ ಬೀಸ್ತಾನ."

ಪಿಎಸ್‌ಐ ಜಯಶ್ರೀ ಬೀರೇಶನನ್ನು ಠಾಣೆಗೆ ಕರೆಸಿ ಕಲ್ಲು ತೋರಿಸಿದರು.

"ಇದನ್ನ ಬೀಸಿದ್ರ ನನ್ನ ತಲಿಗೇ ಬೀಳ್ತೈತ್ರಿ" ಎಂದ. "ಸಾವಂತ್ರವ್ವ ನನ್ನ ಚಿಗವ್ವ, ನಮ್ಮವ್ವನ ತಂಗಿ. ಸಂಜಿಗೆ ಮಣ್ಣು ಮಾಡೂದೈತ್ರಿ, ಬಿಡ್ರಿ."

ಅವನ ಚೀಲದಲ್ಲಿ ಹನ್ನೊಂದು ಕಲ್ಲುಗಳಿದ್ದವು. ಎಲ್ಲವೂ ಹಳ್ಳದ ದುಂಡುಗಲ್ಲು.

\*\*\*

ಬಾಗಲಕೋಟೆಯ ಕಾಲೇಜೊಂದರಲ್ಲಿ ಪಿಂಗಾಣಿ ವಸ್ತುಗಳ ಬಗ್ಗೆ ಪಾಠ ಹೇಳುವ ಅಮಿತಾ, ಜಯಶ್ರೀ ತಂದ ಹೋಳನ್ನು ಬೆಳಕಿಗೆ ಹಿಡಿದರು.

"ಒಡದ ಮೈ ನೋಡ್ರಿ. ಕಬ್ಬಿಣದ ಕಡ್ಡಿ ಕೂಡೋ ತೂತಿನ ಕಡೆ ಮಣ್ಣಬಣ್ಣ ಅದ. ಹೊರಗಿನ ಅರ್ಧ ಬೆಳ್ಳಗದ. ಬೆಳ್ಳಗಿದ್ದದ್ದು ಇವತ್ತ ಒಡದದ್ದು. ಮಣ್ಣಬಣ್ಣದ್ದು ಹಳೇ ಬಿರುಕು, ಧೂಳು ಹೊಕ್ಕದ."

"ಕಲ್ಲೇಟು?"

"ಹಂಗಿದ್ರ ಹೊರಗಿನ ಅಂಚಿಂದ ಒಡೀಬೇಕಿತ್ರಿ. ಪಿಂಗಾಣಿಯೊಳಗ ಬೆಣಚುಕಲ್ಲಿನ ಹರಳಿರ್ತಾವ. ಭಟ್ಟಿ ಆರೋವಾಗ ಅವುಗಳ ರಚನಾ ಬದಲಾಗಿ ಒಮ್ಮೆಲೇ ಕುಗ್ತಾವ. ಗಡಬಡಿಸಿ ಆರಿಸಿದ್ರ ಸುತ್ತ ಸಣ್ಣ ಬಿರುಕು ಬೀಳ್ತಾವ. ತಂತಿ ಜಗ್ಗಿದಂಗ ಬೆಳೀತಾವ."

"ನೋಡಿದ್ರ ಗೊತ್ತಾಗ್ತದೇನ್ರಿ?"

"ಕೊಡ ಕೊಳ್ಳೋವಾಗ ಬಾರಿಸಿ ನೋಡೂದಿಲ್ಲೇನು? ಚಲೋ ಇದ್ದದ್ದು ಟಣ್ ಅಂತದ."

\*\*\*

ಇಳಕಲ್‌ನಲ್ಲಿ ದೀಪಕನ ಗೋದಾಮು. ಜಯಶ್ರೀ ನಟ್ ಬಿಗಿಯುವ ಪಾನಾದಿಂದ ಎಂಟು ಇನ್ಸುಲೇಟರ್ ಬಾರಿಸಿದರು. ಆರು ಟಣ್ ಎನ್ನದೆ ಒಡಕು ಸದ್ದು ಮಾಡಿದವು. ಅವು ಬಂದ ಪೆಟ್ಟಿಗೆಯ ತಳದಲ್ಲಿ 'ಪರೀಕ್ಷೆಯಲ್ಲಿ ತಿರಸ್ಕೃತ' ಎಂಬ ಮೊಹರಿತ್ತು.

ಹೊರಗೆ ಅವನ ಜೀಪು. ಹಿಂದಿನ ಒಂದು ಗಾಲಿ ಉರುಳದಂತೆ ಕೆಂಪು ಗ್ರಾನೈಟ್ ಚೂರು ಇಟ್ಟಿದ್ದ. ಇನ್ನೊಂದು ಗಾಲಿಗೆ ಇರಲಿಲ್ಲ.

ಜಯಶ್ರೀ ಹೊಲದಲ್ಲಿ ಸಿಕ್ಕ ಕಲ್ಲನ್ನು ಅದರ ಪಕ್ಕಕ್ಕಿಟ್ಟರು. ಗರಗಸದ ಗೆರೆ ಗೆರೆಗೆ ಕೂಡಿತು. ಎರಡರದೂ ಒಂದು ಮೈ ಪಾಲಿಶ್ ಆಗಿತ್ತು.

"ಕವಣಿಗೆ ದುಂಡುಗಲ್ಲೇ ಬೇಕು. ಚಪ್ಪಟಿ ಕಲ್ಲು ನೆಟ್ಟಗ ಹೋಗೂದಿಲ್ಲ. ನಿಮ್ಮೂರಾಗ ಗ್ರಾನೈಟ್ ಚೂರು ಕಾಲಿಗೆ ತೊಡರ್ತಾವ. ಯಾವ ಕಲ್ಲಾದ್ರೇನು ಅಂದ್ಕೊಂಡು ಇದನ್ನ ಕಂಬದ ಬುಡಕ್ಕಿಟ್ರಿ."

"ನಾ ಯಾರನ್ನೂ ಕೊಂದಿಲ್ರಿ. ತಾನ ಒಡೀತು" ಎಂದ ದೀಪಕ.

"ಒಡೀತದಂತ ಗೊತ್ತಿದ್ದೇ ಏರಿಸಿದ್ರಿ. ಒಡದ ಮ್ಯಾಲ ಬೀರೇಶನ ಕೊರಳಿಗೆ ಕಟ್ಟಿದ್ರಿ. ಇಂಥವು ಇನ್ನೆಷ್ಟು ಕಂಬದಾಗ ಅದಾವ?"

ದೀಪಕ ತಲೆ ತಗ್ಗಿಸಿದ. "ನಲವತ್ತೆರಡು."

ಜಯಶ್ರೀ ಅಲ್ಲಿಂದಲೇ ಫೋನ್ ಮಾಡಿ ಲೈನ್ ಬಂದ್ ಮಾಡಿಸಿದರು. ಎರಡನೆಯ ಫೋನ್ ಠಾಣೆಗೆ, ಬೀರೇಶನನ್ನು ಬಿಡಲು.

ಬೀರೇಶ ತನ್ನ ಹನ್ನೊಂದೂ ಕಲ್ಲು ಎಣಿಸಿಕೊಂಡು ಚಿಗವ್ವನ ಮಣ್ಣಿಗೆ ಹೋದ.