ಹೆಸರು ಕೇಳುವ ಕಲ್ಲು

"ಗುಡಿ ಒಳಗ ಹೋಗೂ ಮೊದಲ ಹೊಸ್ತಲದಾಗ ನಿಂದರಬೇಕು ತಮ್ಮಾ. ಯಾರು ಹೇಳಿದ್ದಕ್ಕ ಬಂದೀನಿ ಅಂತ ಕಲ್ಲಿಗೆ ಹೇಳಬೇಕು. ಸುಳ್ಳು ಹೇಳಬ್ಯಾಡ. ಮಣ್ಣಾಗ ಹೂತಿದ್ದನ್ನ ಕೆದರಬ್ಯಾಡ."

ಶಟ್ಟೆವ್ವ ಇಷ್ಟು ಹೇಳಿ ಚಹಾದ ಬಸಿ ಮುಂದಿಟ್ಟಳು. ಅನಿಕೇತ ನಕ್ಕ. "ಕಲ್ಲಿಗೂ ಆಧಾರ ಕಾರ್ಡ ತೋರಸಬೇಕೇನ ಆಯಿ?" ಎಂದ. ಮುದುಕಿ ನಗಲಿಲ್ಲ.

"ಮಾಸ್ತರ ಹೆಸರ ಹೇಳು, ಸಾಕು. ಕಲ್ಲು ಒಪ್ಪತೈತಿ."

"ನೀವ ಬಂದು ಹೇಳಿಬಿಡ್ರಲ್ಲ."

"ಗಂಡನ ಹೆಸರ ನಾ ಹೆಂಗ ಹೇಳ್ಲೋ? ಐವತ್ತು ವರ್ಷ ಬಾಳೇವು ಮಾಡೀನಿ, ಒಮ್ಮೆರ ಬಾಯಾಗ ಬಂದಿಲ್ಲ. ನೀ ಹೇಳು."

ಅನಿಕೇತ ಎತ್ತಿದ ಬಸಿಯನ್ನು ಮತ್ತೆ ಕೆಳಗಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅವನು. ಆದರೆ ಈ ಮುದುಕಿಗೆ ಕಳವಿನ ಸುದ್ದಿ ಹೇಗೆ ತಿಳಿದೀತು, ಅವಳಿಗೆ ಓದಲು ಬರುವುದಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಕಳವು ನಡೆದು ನಾಲ್ಕು ವರ್ಷವಾಗಿತ್ತು. ಶಟ್ಟೆವ್ವನ ಗಂಡ ಮಡಿವಾಳೆಪ್ಪ ಮಾಸ್ತರರು ಕನ್ನಡ ಶಾಲೆಯಲ್ಲಿ ಕಲಿಸುತ್ತ, ರಜೆಯ ದಿನ ಸೈಕಲ್ ಹತ್ತಿ ಯರಗಟ್ಟಿಯಿಂದ ಸವದತ್ತಿಯವರೆಗಿನ ಹಾಳುಗುಡಿಗಳನ್ನೆಲ್ಲ ಸುತ್ತಿದವರು. ಊರ ಹೊರಗಿನ ರಟ್ಟರ ಕಾಲದ ಗುಡಿಯ ಶಾಸನವನ್ನು ಮೂವತ್ತು ವರ್ಷ ಕೂತು ಓದಿದ್ದರು. ಓದುವ ಮಕ್ಕಳ ಊಟಕ್ಕೆಂದು ಭೂಮಿ ಬಿಟ್ಟ ದಾನಶಾಸನ ಅದು. ಸವೆದು ಹೋದ ಒಂದೊಂದು ಅಕ್ಷರಕ್ಕೂ ಒಂದೊಂದು ಬೇಸಿಗೆ ಸುಟ್ಟಿದ್ದರು. ಹಾಸಿಗೆ ಹಿಡಿದಾಗ ಧಾರವಾಡದಿಂದ ಬಂದ ಅನಿಕೇತನ ಕೈಯಲ್ಲಿ ಆ ಓದನ್ನೆಲ್ಲ ಬರೆದಿಟ್ಟ ನೋಟುಬುಕ್ಕು ಇಟ್ಟು, "ನೀವು ಕಲಿತವರು, ಅಚ್ಚು ಹಾಕಸ್ರಿ" ಎಂದಿದ್ದರು. ಅವರು ತೀರಿದ ಮೇಲೆ ಪುಸ್ತಕ ಬಂತು, ಶಾಲು ಬಂತು, ಹಾರ ಬಂತು. ಮಾಸ್ತರರ ಹೆಸರು ಮಾತ್ರ ಅದರಲ್ಲಿ ಎಲ್ಲಿಯೂ ಬರಲಿಲ್ಲ.

ಅದಕ್ಕಿಂತ ಹೇಸಿಗೆಯದು ಇನ್ನೊಂದಿತ್ತು. ಪುಸ್ತಕ ಕೊಡಲು ಬಂದ ದಿನ ಶಟ್ಟೆವ್ವ ಬಲಗೈ ಚಾಚಿ, "ಅವರ ಹೆಸರ ಎಲ್ಲೈತಿ? ನನ್ನ ಬಟ್ಟ ಹಿಡದು ತೋರಸು" ಎಂದಿದ್ದಳು. ಅನಿಕೇತ ಆ ಒರಟು ಬೆರಳನ್ನು ಹಿಡಿದು ಹೊದಿಕೆಯ ಮೇಲಿನ ತನ್ನದೇ ಹೆಸರಿನ ಮೇಲೆ ಇಟ್ಟಿದ್ದ. ಅವಳು ತುಂಬ ಹೊತ್ತು ಅದನ್ನು ಸವರಿದ್ದಳು. ಆಮೇಲೆ ಪುಸ್ತಕವನ್ನು ಖಣದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಈಗಲೂ ಅದು ಅಲ್ಲೇ ಇತ್ತು, ಮೇಲೊಂದು ಹೂವಿನ ಜೊತೆ.

ಶಾಸನದ ಕೊನೆಯ ಎರಡು ಸಾಲು ಮಣ್ಣಲ್ಲಿ ಹೂತಿದ್ದವು. ಮಾಸ್ತರರು ಅವನ್ನು ತೆಗೆದು ನೋಡಿರಲಿಲ್ಲ. ಪುಸ್ತಕದ ಎರಡನೆಯ ಮುದ್ರಣದಲ್ಲಿ ಆ ಎರಡು ಸಾಲಾದರೂ ನಿಜವಾಗಿ ತನ್ನವಾಗಲಿ ಎಂಬ ಆಸೆಯೇ ಅನಿಕೇತನನ್ನು ಮತ್ತೆ ಇಲ್ಲಿಗೆ ಎಳೆದು ತಂದಿತ್ತು.

ಹೊರಗೆ ನಡುಮಧ್ಯಾಹ್ನದ ಬಿಸಿಲು ಎರೆಹೊಲವನ್ನು ಸೀಳುತ್ತಿತ್ತು. ಗುಡಿಯ ಹೊಸ್ತಿಲಾಚೆ ಮಾತ್ರ ಕತ್ತಲು. ಬಾವಲಿಯ ಹಿಕ್ಕೆ, ಕಮಟು ಎಣ್ಣೆ, ಹಸಿ ಕಲ್ಲು, ಎಲ್ಲ ಸೇರಿದ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಅನಿಕೇತ ಹೊಸ್ತಿಲಲ್ಲಿ ನಿಂತ. ನೋಡುವವರು ಯಾರೂ ಇರಲಿಲ್ಲ. ಒಂದು ಹೆಸರು ಹೇಳಿದರೆ ಮುಗಿಯುತ್ತಿತ್ತು. ಖಾಲಿ ಗುಡಿಯ ಮುಂದೆ ಕೂಡ ಅವನ ನಾಲಗೆ ಆ ಹೆಸರಿಗೆ ಹೊರಳಲಿಲ್ಲ.

"ಯಾರೂ ಹೇಳಿಲ್ಲಪಾ. ನಾನ ಕಂಡು ಹಿಡದದ್ದು" ಎಂದು ನಗುತ್ತ ಒಳಗೆ ಕಾಲಿಟ್ಟ.

ಅವನ ಮಾತು ಗರ್ಭಗುಡಿಗೆ ಹೋಯಿತು. ಪ್ರತಿಧ್ವನಿ ಬರಲಿಲ್ಲ.

ಟಾರ್ಚು ಹಚ್ಚಿ, ಖುರಪಿಯಿಂದ ಕಲ್ಲಿನ ಬುಡ ಕೆದರಿದ. ಎರಡು ಸಾಲು ಹೊರಬಂದವು, ಮೇಲಿನವುಗಳಂತೆ ಸವೆಯದೆ, ನಿನ್ನೆ ಕಡೆದ ಹಾಗೆ. ಅಚ್ಚು ತೆಗೆಯಲು ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಅಕ್ಷರದ ತಗ್ಗಿಗೆಲ್ಲ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಬಡಿಯತೊಡಗಿದ. ಟಪ್, ಟಪ್, ಟಪ್. ಬೆವರು ಒರೆಸಲು ಕೈ ನಿಲ್ಲಿಸಿದ.

ಟಪ್, ಟಪ್, ಟಪ್.

ಕಲ್ಲಿನ ಆಚೆಯಿಂದ ಬಂತು. ಆಚೆ ಬರೀ ಗೋಡೆ. ಹಲ್ಲಿಯೋ ಬಾವಲಿಯೋ ಎಂದುಕೊಂಡು ಮಸಿ ಅದ್ದಿದ ಬಟ್ಟೆಯ ಗಂಟು ಎತ್ತಿ ಕಾಗದದ ಮೇಲೆ ಒತ್ತಿದ. ಆಗ ಹೊಸ ವಾಸನೆಯೊಂದು ಬಂತು, ಸೀಮೆಸುಣ್ಣದ್ದು. ಒರೆಸಿದ ಕರಿಹಲಗೆಯ ಮುಂದೆ ನಿಂತರೆ ಬರುತ್ತದಲ್ಲ, ಅದೇ. ಮಾಸ್ತರರ ಅಂಗಿಯಿಂದ ಸಾಯುವ ದಿನದವರೆಗೂ ಬರುತ್ತಿದ್ದ ವಾಸನೆ.

ಕಪ್ಪು ಮಸಿಯಲ್ಲಿ ಬಿಳಿ ಅಕ್ಷರಗಳು ಎದ್ದು ನಿಂತವು. ಅನಿಕೇತ ಬೆರಳಿಟ್ಟು ಓದಿದ:

"ಪೆಱರೋದಿದುದಂ ಆನೋದಿದೆನೆಂಬವಂಗೆ ಅಕ್ಷರಂಗಳ್ ಕಲ್ಲಕ್ಕೆ."

ಬೇರೆಯವರು ಓದಿದ್ದನ್ನು ನಾನು ಓದಿದೆ ಎಂದವನಿಗೆ ಅಕ್ಷರಗಳೆಲ್ಲ ಕಲ್ಲಾಗಲಿ. ಅವನು ಬದುಕಿನಲ್ಲಿ ಓದಿದ ಕೊನೆಯ ಸಾಲು ಅದು.

ಮೊದಲ ಅಕ್ಷರ ಅಲುಗಿತು. ಬಾಲ ಕಳಚಿತು. ಪಕ್ಕದ್ದೂ ಕಳಚಿತು. ಕಣ್ಣು ಉಜ್ಜಿದ. ಕಾಗದದ ತುಂಬ ಗೀರುಗಳು. ಕಲ್ಲು ನೋಡಿದ. ಗೀರುಗಳು. ಡೈರಿ ತೆರೆದ. ತನ್ನದೇ ಕೈಬರಹ. ಗೀರುಗಳು. ಮೊಬೈಲು. ಗೀರು. ಚೀಲದ ಮೇಲೆ ಹೊಲಿದಿದ್ದ ತನ್ನ ಹೆಸರು. ಗೀರು. ಬೆನ್ನ ಹಿಂದೆ ಟಪ್ ಎಂದಿತು. ಇನ್ನಷ್ಟು ಹತ್ತಿರ, ಟಪ್. ಸೀಮೆಸುಣ್ಣದ ಉಸಿರು ಕತ್ತಿಗೆ ತಾಗಿತು. ಟಾರ್ಚು ಆರಿತು. ಅನಿಕೇತ ಚೀಲ ಬಿಟ್ಟ, ಕಾಗದ ಬಿಟ್ಟ, ಎಡವಿದ, ಎದ್ದ, ಓಡಿದ.

ಬಸ್ ನಿಲ್ದಾಣದ ಬೋರ್ಡಿನಲ್ಲಿ ಊರ ಹೆಸರಿರಲಿಲ್ಲ. ಯರಗಟ್ಟಿ ಬಸ್ಸಿನ ಹಣೆಯ ಮೇಲೆ ಏನೋ ಗೀಚಿದಂತಿತ್ತು. ಎರಡು ಎಂಎ, ಒಂದು ಡಾಕ್ಟರೇಟು ಮಾಡಿದವನು ನಡುಬೀದಿಯಲ್ಲಿ ಬಾಯಿ ತೆರೆದು ನಿಂತ. ನಂತರ ಶಟ್ಟೆವ್ವನ ಮನೆಯ ಕಡೆ ತಿರುಗಿದ.

ಅವಳು ಒಲೆಯ ಬೂದಿ ತೆಗೆಯುತ್ತಿದ್ದಳು. ಅವನ ಮುಖ ನೋಡಿದವಳೇ ಕೈ ತೊಳೆದು ಜಗಲಿಯಿಂದ ಪುಸ್ತಕ ತಂದು, ಖಣ ಬಿಚ್ಚಿ, ಅವನ ಮುಂದೆ ಇಟ್ಟಳು. ಬೆರಳು ಚಾಚಿದಳು.

"ಅವರ ಹೆಸರ ಎಲ್ಲೈತಿ, ಇನ್ನೊಮ್ಮೆ ತೋರಸು."

ಅನಿಕೇತ ಪುಸ್ತಕ ಮುಟ್ಟಲಿಲ್ಲ. ನೆಲ ನೋಡುತ್ತ ಹೇಳಿದ: "ಇಲ್ಲ ಆಯಿ. ಅವರ ಹೆಸರಿಲ್ಲ. ಅವತ್ತು ನಿಮ್ಮ ಬಟ್ಟ ಇಟ್ಟದ್ದು ನನ್ನ ಹೆಸರಿನ ಮ್ಯಾಲ."

"ಗೊತ್ತೈತಿ."

ಅವನು ತಲೆ ಎತ್ತಿದ.

"ಬಾಯಿಲೆ ಹೇಳಾಕ ಬರೂದಿಲ್ಲಂತ ಅವರು ನನಗ ಅದೊಂದು ಹೆಸರ ಬರಿಯಾಕ ಕಲಸಿದ್ರು" ಎಂದಳು ಶಟ್ಟೆವ್ವ. "ಐದ ಅಕ್ಷರ. ಅವತ್ತ ನೋಡಿದ್ನಿ, ಅವು ಅದರಾಗ ಇರಲಿಲ್ಲ. ಹುಡುಗ ಒಂದಿನ ತಾನ ಹೇಳತಾನಂತ ಸುಮ್ಮನ ಕುಂತಿದ್ನಿ. ಇವತ್ತ ಹೊಸ್ತಲಕ ಕಳಿಸಿದ್ದೂ ಅದಕ್ಕ. ಅಲ್ಲೇರ ಹೇಳತಿ ಅನ್ಕೊಂಡಿದ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಒಲೆಯ ಬೂದಿಯನ್ನು ನೆಲದ ಮೇಲೆ ಸವರಿ, ನಿಧಾನವಾಗಿ, ಒತ್ತಿ ಒತ್ತಿ, ಐದು ಗುರುತು ಮೂಡಿಸಿದಳು. ಅವನ ಬಲಗೈ ಹಿಡಿದು ಬೆರಳನ್ನು ಮೊದಲನೆಯದರ ಮೇಲೆ ಇಟ್ಟಳು.

"ಈಗ ಹೇಳು."

ಅನಿಕೇತನಿಗೆ ಕಂಡದ್ದು ಬರೀ ಬೂದಿ, ಬರೀ ಗೀರು. ಆದರೂ ಹೇಳಿದ. "ಮಡಿವಾಳೆಪ್ಪ." ದನಿ ಒಡೆಯಿತು. ಓಣಿಗೆ ಕೇಳುವಂತೆ ಮತ್ತೊಮ್ಮೆ ಹೇಳಿದ. "ಮಡಿವಾಳೆಪ್ಪ ಮಾಸ್ತರು ಓದಿದ ಕಲ್ಲು ಅದು. ನಾ ಓದಿದ್ದಲ್ಲ. ನಾ ಕದ್ದದ್ದು."

ಬೂದಿಯಲ್ಲಿ ಮ ಮೂಡಿತು. ಡಿ ಮೂಡಿತು. ಐದೂ ತಿಳಿಯಾದವು. ಅನಿಕೇತ ಗಬಕ್ಕನೆ ಪುಸ್ತಕ ಎಳೆದುಕೊಂಡು ಪುಟ ಮಗುಚಿದ. ಗೀರು, ಗೀರು, ಗೀರು. ಕೊನೆಯ ಪುಟದವರೆಗೂ ಮಗುಚಿದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

ಶಟ್ಟೆವ್ವ ಪುಸ್ತಕವನ್ನು ಅವನ ಕೈಯಿಂದ ತೆಗೆದು ಮತ್ತೆ ಖಣದಲ್ಲಿ ಸುತ್ತಿದಳು.

"ಅಷ್ಟ ಸಾಕು ಬಿಡೋ ತಮ್ಮಾ" ಎಂದಳು. "ನನಗೂ ಅಷ್ಟ ಬರೂದು."