ಸಣ್ಣತಿಮ್ಮಯ್ಯನ ಕುಡಿಕೆ

"ಅಲ್ಲಿ ಮಾತ್ರ ಹೊಡೀಬ್ಯಾಡ್ರಪ್ಪ. ನಮ್ ಮೈದುನನ್ನ ಅಲ್ಲಿ ಕಟ್ಟಾಕವ್ರೆ."

ಕೆರೆ ಏರಿಯ ಮೇಲೆ ನಿಂತು ಕಲ್ಲಮ್ಮ ಹಾಗೆಂದಾಗ ಇಂಜಿನಿಯರ್ ವಾಮನ ಕಾಮತ ನಕ್ಕುಬಿಟ್ಟ. ಮಂಗಳೂರಿನ ಬಂದರಿನಲ್ಲಿ ಕಡಲನ್ನೇ ತಡೆದು ಬಂದವನಿಗೆ ಹಂದನಕೆರೆ ಕಡೆಯ ಈ ಕೆರೆ ಯಾವ ಲೆಕ್ಕ? ಅದು ಎಪ್ಪತ್ತೆಂಟನೆಯ ಇಸವಿ. ಕುಸಿದ ಏರಿಗೆ ತಡೆಗೋಡೆ ಕಟ್ಟಲು ನೀರಿನೊಳಗೆ ಶೀಟ್ ಪೈಲ್ ಹೊಡೆಸುತ್ತಿದ್ದ. ಒಂದರ ಅಂಚಿಗೊಂದು ಸಿಕ್ಕಿಕೊಳ್ಳುವ ಮೂರಾಳೆತ್ತರದ ಉಕ್ಕಿನ ಹಲಗೆಗಳು. ಸುತ್ತಲೂ ನೆಟ್ಟ ಮೇಲೆ ಒಳಗಿನ ನೀರನ್ನು ಪಂಪು ಎತ್ತಿ ಹಾಕುತ್ತಿತ್ತು.

"ಅಣ್ಣತಮ್ಮಂದ್ರ ತೋಟದ ಜಗಳ ಕಣಪ್ಪ. ಮಾಟ ಮಾಡ್ಸಿ ಸಣ್ಣತಿಮ್ಮಯ್ಯನ ಜೀವಾನೇ ಕುಡಿಕೇಲಿ ಕಟ್ಟಿ ಹೂತ್ರು. ತೆಗುದ್ರೆ ಎದ್ ಬತ್ತಾನೆ."

"ಬರಲಿ ಅಮ್ಮ. ನಮಗೂ ಆಳು ಕಡಿಮೆ ಉಂಟು."

ಅವಳು ಬೇಡವೆಂದಲ್ಲೇ ಹಲಗೆ ಹೊಡೆಸಿದ. ನೀರು ಬತ್ತಿದ ಮೇಲೆ, ಮಧ್ಯಾಹ್ನ ಆಳುಗಳು ಊಟಕ್ಕೆ ಹೋದಾಗ ಕಾಮತ ಏಣಿಯಿಳಿದ. ಉಕ್ಕಿನ ಪೆಟ್ಟಿಗೆಯಂಥ ಗುಂಡಿ. ಕೆಸರಿನ ಹಸಿ ನಾತದ ನಡುವೆ ಎಲ್ಲಿಂದಲೋ ಕಮಟು ಕೊಬ್ಬರಿಯ ವಾಸನೆ. ಹಲಗೆಯೊಂದು ನೆಟ್ಟಗೆ ಇಳಿದಿರಲಿಲ್ಲ. ಅದರ ಬುಡವನ್ನು ಹಾರೆಯಿಂದ ಕೆದಕಿದ. ತಾಮ್ರದ ತಗಡು ಸುತ್ತಿದ ಮಣ್ಣಿನ ಕುಡಿಕೆ ಕಂಡಿತು. ಬೂಟುಗಾಲಿನಿಂದ ಒದ್ದ. ಒಡೆಯಿತು. ಒಳಗೆ ಕೂದಲು, ಒಂದು ಹಲ್ಲು.

ಪಂಪಿನ ಸದ್ದು ದೂರವಾಯಿತು. ನಡುಹಗಲ ಬೆಳಕು ಮಸಿಯಂತೆ ಕಪ್ಪಿಟ್ಟಿತು. ಬೆನ್ನ ಹಿಂದೆ ಯಾರೋ ನೀಳವಾಗಿ ಉಸಿರೆಳೆದುಕೊಂಡರು.

ಏಣಿಗೆ ಕೈ ಚಾಚಹೋದ. ಕೈ ಏಳಲಿಲ್ಲ. ಕೂಗಿದ. ದನಿ ಹೊರಡಲಿಲ್ಲ. ಆಗ ಕಂಡ. ತನ್ನದೇ ಖಾಕಿ ಅಂಗಿ. ತನ್ನದೇ ಬೆನ್ನು. ಏಣಿ ಹತ್ತುತ್ತಿತ್ತು.

ನಿಲ್ಲು! ಎನ್ನಲು ತುಟಿಯಿರಲಿಲ್ಲ. ಹಿಡಿಯಲು ಬೆರಳಿರಲಿಲ್ಲ. ಸುತ್ತ ಉಕ್ಕು. ಕೆಳಗೆ ಕೆಸರು.

ಮೇಲೆ ಪಂಪು ನೋಡಿಕೊಳ್ಳುತ್ತಿದ್ದ ಹುಚ್ಚಣ್ಣ ಕೇಳಿದ: "ಏನ್ ಸಾರ್, ಹಲಗೆ ನೆಟ್ಟಗಾಯ್ತಾ?"

ಹತ್ತಿ ಹೋದವನು ಅವನತ್ತ ತಿರುಗಲಿಲ್ಲ. ಏರಿಯ ಮೇಲೆ ನಿಂತಿದ್ದ ಕಲ್ಲಮ್ಮನನ್ನೇ ನೋಡಿದ.

"ಅತ್ತಿಗೆ, ಮುದುಕಿ ಆಗ್ಬುಟ್ಯಲ್ಲ. ನಮ್ಮಣ್ಣ ಎಲ್ಲವ್ನೆ?"

ಕಲ್ಲಮ್ಮ ಕೈ ಮುಗಿದಳು. "ನಿಮ್ಮಣ್ಣಂಗೆ ನಾನ್ ಬ್ಯಾಡ ಅಂದಿದ್ದೆ ಕಣಪ್ಪ... ಬ್ಯಾಡ ಅಂತ್ಲೇ ಅಂದಿದ್ದೆ..."

ಅವನು ಹುಚ್ಚಣ್ಣನ ಕಡೆ ತಿರುಗಿದ. "ಪಂಪ್ ನಿಲ್ಸು. ಗುಂಡಿ ಮುಚ್ಬುಡ್ರಿ."

ಗುಂಡಿಯ ತಳದಲ್ಲಿ ಕಾಮತನಿಗೆ ಎಲ್ಲವೂ ಕೇಳುತ್ತಿತ್ತು. ಪಂಪು ಕೆಮ್ಮಿ ನಿಂತಿತು. ಹಲಗೆಗಳ ಸಂದಿನಿಂದ ನೀರು ಜಿನುಗಿತು. ಮೇಲಿನಿಂದ ಒಂದು ಬಾಂಡ್ಲಿ ಮಣ್ಣು ಬಿತ್ತು. ಮತ್ತೊಂದು ಬಿತ್ತು.